ಉದ್ಯೋಗದ ಹೊರೆಯೂ ರಕ್ತದೊತ್ತಡವೂ

ನಮ್ಮ ಶಾಲೆಯಲ್ಲಿ ಕಲಿತು ಹೋದವರಲ್ಲಿ ಅನೇಕರು ಈಗ ಉಪಾಧ್ಯಾಯಿನಿಯರೂ ದಾದಿಯರೂ ಕಚೇರಿಯ ಉದ್ಯೋಗಸ್ಥೆಯರೂ ಆಗಿರುವದು ನಮಗೆ ಬಹು ಸಂತೋಷಕರವಾದ ಸಂಗತಿ. ಆದರೆ ಅವರಲ್ಲಿ ಕೆಲವರು, ಇನ್ನೂ ನಾಲ್ವತ್ತು ತುಂಬದವರು, ರಕ್ತದೊತ್ತಡಕ್ಕೆ ಔಷಧ ಸೇವಿಸುತ್ತಿರುವದನ್ನು ಕೇಳಿ ವ್ಯಸನಪಡುತ್ತೇವೆ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವದು ನಮ್ಮ ಕರ್ತವ್ಯವೆಂದೆಣಿಸುತ್ತೇವೆ.

ಹೃದಯವು ನೂಕಿದ ರಕ್ತವು ನಾಳಗಳ ಗೋಡೆಯ ಮೇಲೆ ಹಾಕುವ ಒತ್ತಡವೇ ರಕ್ತದೊತ್ತಡ. ಬೇರೆ ಬೇರೆ ದಿನ ಅಳೆದಾಗಲೂ ಅದು 140/90 ಅಥವಾ ಅದಕ್ಕಿಂತ ಮೇಲಿದ್ದರೆ ವೈದ್ಯರು ಅಧಿಕವೆನ್ನುವರು. ಭಯ, ಅವಸರ, ಕೋಪ ಇವುಗಳಿಗೆ ಒಳಗಾದಾಗ ಅಡ್ರಿನಲಿನ್ ಎಂಬ ರಸವು ರಕ್ತದಲ್ಲಿ ಸೇರಿ ಹೃದಯವು ವೇಗವಾಗಿ ಬಡಿಯುತ್ತದೆ, ನಾಳಗಳು ಬಿಗಿಯುತ್ತವೆ, ಒತ್ತಡವು ಏರುತ್ತದೆ. ಕಾರಣ ತೀರಿದ ಮೇಲೆ ಇಳಿಯುವದು ಸಹಜ. ಇಳಿಯುವದಕ್ಕೆ ಎಡೆಯಿಲ್ಲದೆ ದಿನದಿನವೂ ಏರುತ್ತಿರುವದೇ ಅಪಾಯಕರ.

ಹಾಗಾದರೆ ದುಡಿಮೆಯೇ ದೋಷವೋ? ಅಲ್ಲ. ಹೊರೆ ಹೆಚ್ಚಾಗಿದ್ದು, ಅದನ್ನು ಹೇಗೆ ಮಾಡಬೇಕೆಂದು ನಿಶ್ಚಯಿಸುವ ಸ್ವಾತಂತ್ರ್ಯ ಕಡಿಮೆಯಾಗಿರುವ ಉದ್ಯೋಗವೇ ಮನುಷ್ಯನನ್ನು ಹೆಚ್ಚು ಬಳಲಿಸುತ್ತದೆಂದು 1979ರಲ್ಲಿ ಅಮೇರಿಕದ ರಾಬರ್ಟ್ ಕರಾಸೆಕ್ ವಿವರಿಸಿದರು. 1989ರಲ್ಲಿ ಸ್ವೀಡನ್ನಿನ ಮೇರಿಯಾನೆ ಫ್ರಾಂಕೆನ್‌ಹಾಯ್ಸರ್ ಮತ್ತು ಅವರ ಸಂಗಡಿಗರು ವೋಲ್ವೊ ಸಂಸ್ಥೆಯ ಉದ್ಯೋಗಸ್ಥರನ್ನು ಪರೀಕ್ಷಿಸಿದರು. ಸಂಜೆ ಕೆಲಸ ಮುಗಿದೊಡನೆ ಗಂಡಸರ ದೇಹದಲ್ಲಿ ನಾರಡ್ರಿನಲಿನ್ ಎಂಬ ರಸ ಇಳಿಯಿತು. ಮೇಲಧಿಕಾರಿಗಳಾಗಿದ್ದ ಹೆಂಗಸರಲ್ಲಿಯಾದರೋ ಏರಿತು. ಅವರಿಗೆ ಮನೆಯಲ್ಲಿ ಎರಡನೆಯ ಉದ್ಯೋಗವು ಕಾದಿತ್ತು. ಇದನ್ನು ಓದುವ ನಮ್ಮ ಸಹೋದರಿಯರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಒಂದು ವರುಷ ವಾರ್ಷಿಕ ಪರೀಕ್ಷೆಯ ಕಾಲದಲ್ಲಿ ಮೂರು ತರಗತಿಗಳ ಉತ್ತರಪತ್ರಿಕೆಗಳನ್ನು ಶುಕ್ರವಾರ ಸಂಜೆ ಒಬ್ಬ ಉಪಾಧ್ಯಾಯಿನಿಯ ಕೈಗಿತ್ತು, ಸೋಮವಾರ ತಿದ್ದಿ ತರಬೇಕೆಂದೆವು. ಆಕೆ ಎದುರಾಡದೆ ತಂದೊಪ್ಪಿಸಿದಳು. ಅದೇ ವಾರ ಶಾಲೆಗೆ ಬಂದ ವೈದ್ಯರು ಅಳೆಯಲಾಗಿ ಆಕೆಯ ರಕ್ತದೊತ್ತಡ 170/100 ಇತ್ತು. ಒಂದೇ ವಾರದ ಕೆಲಸದಿಂದ ರೋಗ ಬಂತೆನ್ನಲಾಗದು. ಆದರೂ ಹೊರೆಯ ಮೇಲೆ ಹೊರೆಯಿಟ್ಟವರು ನಾವು. ಅಂದಿನಿಂದ ಪತ್ರಿಕೆಗಳ ಹಂಚಿಕೆಯನ್ನೂ ದಿನಗಳನ್ನೂ ಉಪಾಧ್ಯಾಯಿನಿಯರೇ ಕೂಡಿ ನಿಶ್ಚಯಿಸುತ್ತಾರೆ. ಕೆಲಸವೇನೂ ಕಡಿಮೆಯಾಗಲಿಲ್ಲ, ಗೊಣಗಾಟವೂ ತಲೆನೋವೂ ಕಡಿಮೆಯಾದವು.

ಉದ್ಯೋಗವೊಂದೇ ಕಾರಣವೆಂದು ಯಾರೂ ತಿಳಿಯಬಾರದು. ವಂಶ, ವಯಸ್ಸು, ಉಪ್ಪಿನ ಅತಿಬಳಕೆ, ಸ್ಥೂಲಕಾಯ, ವ್ಯಾಯಾಮವಿಲ್ಲದಿರುವದು, ಮದ್ಯಪಾನ ಇವೂ ಕಾರಣಗಳೇ. ಬಳಲಿದವರು ನಡೆದಾಡುವದನ್ನು ಬಿಟ್ಟು, ನಿದ್ದೆಗೆಟ್ಟು, ಉಪ್ಪು ತಿಂಡಿಗೆ ಕೈಹಾಕುವದರಿಂದ ಒಂದು ಕಾರಣವು ಇನ್ನೊಂದನ್ನು ಬೆಳೆಸುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಉಪ್ಪಿನಕಾಯಿ, ಹಪ್ಪಳಗಳನ್ನು ನೆನೆದರೆ ಇದು ಸುಲಭವಲ್ಲ.

ಈ ರೋಗವು ಬಹುಕಾಲ ಯಾವ ನೋವನ್ನೂ ತೋರದೆ ಹೃದಯ, ಮೆದುಳು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಆದಕಾರಣ ಸೌಖ್ಯವಾಗಿದ್ದೇವೆಂದು ನಂಬಿ ಕೂಡ್ರದೆ ಅಳೆಯಿಸಿಕೊಳ್ಳಿರಿ. ವೈದ್ಯರು ಕೊಟ್ಟ ಔಷಧವನ್ನು ನೀವಾಗಿ ನಿಲ್ಲಿಸಬೇಡಿರಿ. ತಂದೆತಾಯಿಗಳಿಗೂ ಮನೆಯವರಿಗೂ ನಮ್ಮದೊಂದು ಬಿನ್ನಹ: ದುಡಿದು ಬಂದ ಮಗಳಿಗೆ, ಸೊಸೆಗೆ ಒಲೆಯ ಮುಂದೆ ನಿಲ್ಲುವ ಮೊದಲು ಅರ್ಧ ಗಂಟೆ ಕುಳಿತುಕೊಳ್ಳಲು ಬಿಡಿರಿ.