ಹಕ್ಕುಪತ್ರದ ಬಾಕಿ: ಶಿಕಾಗೊದ ಊರ ದತ್ತಿ ಕೈಗೆತ್ತಿಕೊಂಡ ಕೆಲಸ

1961ರಲ್ಲಿ ಕ್ಲೈಡ್ ರಾಸ್ ಎಂಬ ಕಪ್ಪು ವರ್ಣೀಯ ಕಾರ್ಮಿಕರೊಬ್ಬರು ಶಿಕಾಗೊದ ನಾರ್ತ್ ಲಾನ್‌ಡೇಲ್ ಬಡಾವಣೆಯಲ್ಲಿ 27,500 ಡಾಲರಿಗೆ ಮನೆ ಕೊಂಡರು. ಮಾರಿದವನು ಆ ಮನೆಯನ್ನು ಆರು ತಿಂಗಳ ಹಿಂದಷ್ಟೇ 12,000 ಡಾಲರಿಗೆ ಕೊಂಡಿದ್ದ. ಬೆಲೆಯಲ್ಲಿ ಆದ ಮೋಸಕ್ಕಿಂತ ಕರಾರು ಪತ್ರದಲ್ಲಿದ್ದ ಮೋಸ ದೊಡ್ಡದು. ಮುಂಗಡ ಕೊಟ್ಟು ತಿಂಗಳು ತಿಂಗಳೂ ಕಂತು ಕಟ್ಟಬೇಕು. ತೆರಿಗೆ, ವಿಮೆ, ರಿಪೇರಿ ಎಲ್ಲವೂ ಕೊಂಡವರ ತಲೆಯ ಮೇಲೆ. ಹಕ್ಕುಪತ್ರ ಮಾತ್ರ ಕೊನೆಯ ಕಂತು ಮುಟ್ಟುವವರೆಗೂ ಮಾರಿದವನ ಹೆಸರಿನಲ್ಲೇ. ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಅದುವರೆಗೆ ಕಟ್ಟಿದ ಹಣವೂ ಹೋಯಿತು. ಖಾಲಿ ಮಾಡಿಸಿದ ಮನೆಯನ್ನು ಮತ್ತೊಂದು ಕುಟುಂಬಕ್ಕೆ ಅದೇ ಕರಾರಿನ ಮೇಲೆ ಮಾರಬಹುದಿತ್ತು.

ಇಂಥ ಕರಾರಿಗೆ ಸಹಿ ಹಾಕಿದವರು ದಡ್ಡರಾಗಿರಲಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ. 1933ರಲ್ಲಿ ಹುಟ್ಟಿದ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು ಅಮೆರಿಕದ ನಗರಗಳ ನಕಾಶೆ ಬರೆಸಿ, ಒಂದೊಂದು ಬಡಾವಣೆಗೆ ಒಂದೊಂದು ಬಣ್ಣ ಹಚ್ಚಿತು. ಕಪ್ಪು ಜನ ವಾಸವಿದ್ದ ಬೀದಿಗಳಿಗೆ ಬಹುತೇಕ ಕೆಂಪು ಬಣ್ಣ, ಅಂದರೆ ಸಾಲ ಕೊಡುವುದು ಅಪಾಯ ಎಂಬ ಗುರುತು. 1934ರಲ್ಲಿ ಬಂದ ಫೆಡರಲ್ ವಸತಿ ಆಡಳಿತವು ಮನೆಸಾಲಕ್ಕೆ ಸರ್ಕಾರದ ವಿಮೆ ಒದಗಿಸಿ ಲಕ್ಷಾಂತರ ಬಿಳಿಯ ಕುಟುಂಬಗಳನ್ನು ಮನೆಯೊಡೆಯರನ್ನಾಗಿ ಮಾಡಿತು. ಕಪ್ಪು ಜನರ ಬಡಾವಣೆಗಳನ್ನು ಹೊರಗಿಟ್ಟಿತು. ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಕರಾರು ಮಾರಾಟದವರ ಬಾಗಿಲು. ಡ್ಯೂಕ್ ವಿಶ್ವವಿದ್ಯಾಲಯದ ಕೇಂದ್ರವೊಂದು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1950 ಮತ್ತು 60ರ ದಶಕಗಳಲ್ಲಿ ಶಿಕಾಗೊದ ಕಪ್ಪು ಕುಟುಂಬಗಳಿಗೆ ಮಾರಾಟವಾದ ಮನೆಗಳಲ್ಲಿ ಶೇ 75ರಿಂದ 95ರಷ್ಟು ಇಂಥ ಕರಾರಿನವೇ. ಮಾರಾಟಗಾರರು ಸರಾಸರಿ ಶೇ 84ರಷ್ಟು ಬೆಲೆ ಏರಿಸಿದ್ದರು. ಇಂದಿನ ಲೆಕ್ಕದಲ್ಲಿ ಆ ಕುಟುಂಬಗಳ ಕೈಯಿಂದ ಜಾರಿದ ಹಣ 300 ಕೋಟಿಯಿಂದ 400 ಕೋಟಿ ಡಾಲರ್.

ಶಿಕಾಗೊ ಕಮ್ಯುನಿಟಿ ಟ್ರಸ್ಟ್ ಎಂಬ ನೂರು ವರ್ಷ ದಾಟಿದ ಸಂಸ್ಥೆ ಈಗ ಮಾಡುತ್ತಿರುವ ಕೆಲಸ ಏಕೆ ಮುಖ್ಯ ಎಂಬುದು ಈ ಲೆಕ್ಕ ಗೊತ್ತಿಲ್ಲದಿದ್ದರೆ ತಿಳಿಯುವುದಿಲ್ಲ.

ಇದು ಒಬ್ಬ ಶ್ರೀಮಂತನ ಅಥವಾ ಒಂದು ಕಂಪನಿಯ ಪ್ರತಿಷ್ಠಾನವಲ್ಲ, ಊರಿನ ದತ್ತಿ. ಈ ಬಗೆಯ ಸಂಸ್ಥೆಯನ್ನು ಮೊದಲು ಕಟ್ಟಿದವರು ಕ್ಲೀವ್‌ಲ್ಯಾಂಡ್ ನಗರದ ಬ್ಯಾಂಕರ್ ಫ್ರೆಡರಿಕ್ ಗಾಫ್, 1914ರಲ್ಲಿ. ಉಯಿಲು ಬರೆದು ಸತ್ತವರ ಹಣವನ್ನು ನೋಡಿಕೊಳ್ಳುವುದು ಅವರ ಬ್ಯಾಂಕಿನ ಕಸುಬು. ಕಾಲ ಬದಲಾದರೂ ಉಯಿಲಿನ ಷರತ್ತು ಬದಲಾಗದೆ ದಾನದ ಹಣ ಕೊಳೆಯುವುದನ್ನು ಅವರು ಬಲ್ಲವರಾಗಿದ್ದರು. ಸೇಂಟ್ ಲೂಯಿಸ್‌ನ ಮೇಯರ್ ಆಗಿದ್ದ ಬ್ರಯಾನ್ ಮುಲ್ಲನ್ಫಿ 1851ರಲ್ಲಿ ತೀರಿಕೊಂಡಾಗ, ತಮ್ಮೂರಿನ ಮೂಲಕ ಪಶ್ಚಿಮ ಸೀಮೆಗೆ ನೆಲೆಸಲು ಹೊರಟ ಬಡ ವಲಸಿಗರ ನೆರವಿಗೆಂದು ಆಸ್ತಿಯ ಮೂರನೇ ಒಂದು ಭಾಗ ಬಿಟ್ಟಿದ್ದರು. ರೈಲು ಬಂತು, ಗಾಡಿಗಳ ಸಾಲು ನಿಂತಿತು. ಹಣ ಬೆಳೆಯುತ್ತಲೇ ಇತ್ತು, ತೆಗೆದುಕೊಳ್ಳುವವರು ಕಾಣಲಿಲ್ಲ. ಗಾಫ್ ಹೂಡಿದ ಉಪಾಯ ಸರಳ: ಎಲ್ಲರ ದತ್ತಿಯೂ ಒಂದೇ ನಿಧಿಗೆ ಸೇರಲಿ, ಬಡ್ಡಿ ಲಾಭ ಬೆಳೆಯಲಿ, ಯಾವ ಕೆಲಸಕ್ಕೆ ಎಷ್ಟು ಎಂಬುದನ್ನು ಆಯಾ ಕಾಲದ ನಾಗರಿಕರ ಸಮಿತಿ ತೀರ್ಮಾನಿಸಲಿ. ಮರುವರ್ಷವೇ, 1915ರಲ್ಲಿ, ಬ್ಯಾಂಕರ್ ಹ್ಯಾರಿಸ್ ಮನೆತನದ ಕೊಡುಗೆಯಿಂದ ಶಿಕಾಗೊದಲ್ಲೂ ಅಂಥದೇ ನಿಧಿ ಹುಟ್ಟಿತು. ಈಗ ಅಮೆರಿಕದ ಉದ್ದಗಲಕ್ಕೂ ನೂರಾರು ಊರುಗಳಲ್ಲಿ ಇಂಥ ನಿಧಿಗಳಿವೆ.

ನೂರು ವರ್ಷ ಈ ಟ್ರಸ್ಟ್ ಮಾಡಿದ್ದು ಬಹುಪಾಲು ಎಲ್ಲ ಸಜ್ಜನ ಸಂಸ್ಥೆಗಳೂ ಮಾಡುವ ಕೆಲಸವೇ: ಆಸ್ಪತ್ರೆ, ಶಾಲೆ, ಕಲೆ, ಹಸಿದವರಿಗೆ ಅನ್ನ. ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ 2017ರಲ್ಲಿ ಮುಖ್ಯಸ್ಥರಾಗಿ ಬಂದ ಹೆಲೆನ್ ಗೇಲ್ ವೈದ್ಯೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದಲ್ಲಿ ವರ್ಷಗಟ್ಟಲೆ ಏಡ್ಸ್ ವಿರುದ್ಧ ದುಡಿದವರು, ಬಳಿಕ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆಯನ್ನು ನಡೆಸಿದವರು. ರೋಗದ ಲಕ್ಷಣಕ್ಕೆ ಔಷಧಿ ಕೊಡುವುದಕ್ಕೂ ಮೂಲ ಹುಡುಕುವುದಕ್ಕೂ ಇರುವ ಅಂತರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕಾಲದಲ್ಲೇ, 2019ರಲ್ಲಿ, ಟ್ರಸ್ಟ್ ಹತ್ತು ವರ್ಷಗಳ ಯೋಜನೆ ಪ್ರಕಟಿಸಿತು. ಅದರ ಗುರಿ ಒಂದೇ, ಶಿಕಾಗೊ ಸೀಮೆಯಲ್ಲಿ ಜನಾಂಗ ಜನಾಂಗಗಳ ನಡುವೆ ಇರುವ ಸಂಪತ್ತಿನ ಕಂದರವನ್ನು ಮುಚ್ಚುವುದು. 2022ರಲ್ಲಿ ಗೇಲ್ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನ ಅಧ್ಯಕ್ಷೆಯಾಗಿ ಹೋದ ಮೇಲೆ ಆಂಡ್ರಿಯಾ ಸಯೆನ್ಸ್ ಚುಕ್ಕಾಣಿ ಹಿಡಿದರು. ಗುರಿ ಅದೇ ಉಳಿಯಿತು.

ಯೋಜನೆಯಲ್ಲಿ ಆದಾಯದ ಅಂತರ ಎನ್ನದೆ ಸಂಪತ್ತಿನ ಅಂತರ ಎಂದದ್ದೇ ಸರಿಯಾದ ದಾರಿ ಎಂದು ನನ್ನ ನಂಬಿಕೆ. ಸಂಬಳ ತಿಂಗಳ ಕೊನೆಗೆ ಕರಗುತ್ತದೆ. ಸಂಪತ್ತು ಎಂದರೆ ಸಾಲ ಕಳೆದು ಉಳಿಯುವ ಮನೆ, ನಿವೇಶನ, ಉಳಿತಾಯ, ಸ್ವಂತ ಅಂಗಡಿ. ಮಗಳ ಕಾಲೇಜಿಗೆ, ಅಪ್ಪನ ಆಪರೇಷನ್ನಿಗೆ, ಕೆಲಸ ಹೋದ ಆರು ತಿಂಗಳಿಗೆ ಆಧಾರ ಅದೇ. ಅಮೆರಿಕದ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯಂತೆ ಮಧ್ಯಮ ಮಟ್ಟದ ಬಿಳಿಯ ಕುಟುಂಬದ ಬಳಿ ಇದ್ದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ ಬಳಿ ಇದ್ದದ್ದು 44,900. ಬಾಸ್ಟನ್ ಬಗ್ಗೆ 2015ರಲ್ಲಿ ಬಂದ ವರದಿಯಂತೂ ಓದಿದವರನ್ನು ಬೆಚ್ಚಿಬೀಳಿಸಿತ್ತು. ಬಿಳಿಯ ಕುಟುಂಬಕ್ಕೆ 2,47,500 ಡಾಲರ್. ತಲೆಮಾರುಗಳಿಂದ ಅಮೆರಿಕದಲ್ಲೇ ಇರುವ ಕಪ್ಪು ಕುಟುಂಬಕ್ಕೆ ಎಂಟು ಡಾಲರ್. ಎಂಟು ಸಾವಿರವಲ್ಲ, ಎಂಟು.

ಹಾಗಾದರೆ ಅನುದಾನದ ಹಣ ಎಲ್ಲಿಗೆ ಹೋಗುತ್ತದೆ? ಟ್ರಸ್ಟ್ ತಾನೇ ಮನೆ ಕಟ್ಟುವುದಿಲ್ಲ, ಅಂಗಡಿ ತೆರೆಯುವುದಿಲ್ಲ. ಬಡಾವಣೆಯಲ್ಲೇ ಹುಟ್ಟಿದ ಸಂಘಗಳಿಗೆ ಕೊಡುತ್ತದೆ. ಮನೆಗಳ ಸಂಪತ್ತು ಬೆಳೆಸುವುದು, ಕೈಬಿಟ್ಟ ಬಡಾವಣೆಗಳಿಗೆ ಬಂಡವಾಳ ತರುವುದು, ಜನರ ಒಗ್ಗಟ್ಟಿನ ಬಲ ಕಟ್ಟುವುದು ಎಂಬ ಮೂರು ಕವಲುಗಳಲ್ಲಿ ಕೆಲಸ ಸಾಗುತ್ತದೆ.

ಎರಡನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾರ್ತ್ ಲಾನ್‌ಡೇಲ್‌ನ ಖಾಲಿ ನಿವೇಶನವೊಂದರಲ್ಲಿ ಮನೆ ಕಟ್ಟಲು ಮೂರೂವರೆ ಲಕ್ಷ ಡಾಲರ್ ಬೇಕು ಎಂದಿಟ್ಟುಕೊಳ್ಳಿ. ಇಟ್ಟಿಗೆ, ಮರ, ಪ್ಲಂಬರ್ ಕೂಲಿ ಸಿರಿವಂತರ ಬಡಾವಣೆಯಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಆದರೆ ಬ್ಯಾಂಕಿನ ಮೌಲ್ಯಮಾಪಕರು ಬಂದು ಅಕ್ಕಪಕ್ಕದಲ್ಲಿ ಈಚೆಗೆ ಮಾರಾಟವಾದ ಮನೆಗಳ ಬೆಲೆ ನೋಡಿ, ಇದಕ್ಕೆ ಎರಡೂ ಮುಕ್ಕಾಲು ಲಕ್ಷ ಎನ್ನುತ್ತಾರೆ. ಸಾಲ ಸಿಗುವುದು ಆ ಮೊತ್ತದ ಮೇಲೆ. ಮಿಕ್ಕ ಮುಕ್ಕಾಲು ಲಕ್ಷ ಎಲ್ಲಿಂದ ಬರಬೇಕು? ತೊಂಬತ್ತು ವರ್ಷದ ಹಿಂದೆ ಆ ಬೀದಿಗಳ ಬೆಲೆ ಕುಗ್ಗಿಸಿದ ನೀತಿಯೇ ಇಂದು ಅಲ್ಲಿ ಹೊಸ ಮನೆ ಏಳದಂತೆ ತಡೆಯುತ್ತಿದೆ. ಲಾಭ ನೋಡುವ ಬಿಲ್ಡರ್ ಅಲ್ಲಿಗೆ ಬರುವುದಿಲ್ಲ, ಬರಲಾರ. ಮರಳಿ ಕೇಳದ ಹಣ ಬೇಕಾಗುವುದು ಈ ಕೊರತೆ ತುಂಬಲು.

ಇದಕ್ಕೂ ಮೊದಲು ಇನ್ನೊಂದು ಖರ್ಚಿದೆ. ಕಟ್ಟಡದ ನಕ್ಷೆ, ಮಣ್ಣು ಪರೀಕ್ಷೆ, ವಕೀಲರ ಫೀಸು, ಪಾಲಿಕೆಯ ಅನುಮತಿ. ಇವೆಲ್ಲ ಮುಗಿಯುವವರೆಗೆ ಬ್ಯಾಂಕು ತಿರುಗಿಯೂ ನೋಡುವುದಿಲ್ಲ. ಸಣ್ಣ ಸಂಘಗಳ ದೊಡ್ಡ ಕನಸುಗಳು ಸಾಯುವುದು ಬಹುಮಟ್ಟಿಗೆ ಇಲ್ಲಿಯೇ. ಕೋವಿಡ್ ಪೆಟ್ಟಿನ ಬೆನ್ನಿಗೆ 2021ರಲ್ಲಿ ಟ್ರಸ್ಟ್ ಹಲವು ದಾನಿಗಳನ್ನು ಒಟ್ಟುಗೂಡಿಸಿ ಆರಂಭಿಸಿದ ‘ವಿ ರೈಸ್ ಟುಗೆದರ್’ ಕಾರ್ಯಕ್ರಮ ಹಣವಿಟ್ಟಿದ್ದು ಇಂಥ ಬಡಾವಣೆಗಳಿಗೇ. 2016ರಲ್ಲಿ ಮ್ಯಾಕ್‌ಆರ್ಥರ್ ಪ್ರತಿಷ್ಠಾನ ಮತ್ತು ಕ್ಯಾಲ್ವರ್ಟ್ ಪ್ರತಿಷ್ಠಾನಗಳ ಜೊತೆ ಸೇರಿ ಹುಟ್ಟುಹಾಕಿದ ‘ಬೆನಿಫಿಟ್ ಶಿಕಾಗೊ’ ಬೇರೆ ಬಗೆಯದು. ಅದು ಸಮಾಜಕ್ಕೆ ನೆರವಾಗುವ ಉದ್ಯಮಗಳಿಗೆ ಸಾಲ ಕೊಡಲೆಂದು ಹೊಂದಿಸಿದ 10 ಕೋಟಿ ಡಾಲರಿನ ನಿಧಿ.

ಕಣ್ಣಿಗೆ ಕಟ್ಟದ ಖರ್ಚುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ದಾನಿಗಳಿಗೆ ಉದ್ಘಾಟನೆಯ ಫಲಕ ಇಷ್ಟ, ಲೆಕ್ಕಿಗರ ಸಂಬಳ ಇಷ್ಟವಿಲ್ಲ. ಆದರೆ ಬಾಡಿಗೆ, ವಿದ್ಯುತ್ ಬಿಲ್ಲು, ಇಬ್ಬರು ಮೂವರ ಸಂಬಳ ಖಾತರಿಯಾಗಿರದ ಸಂಘ ಹತ್ತು ವರ್ಷ ಬಾಳುವ ಕೆಲಸ ಹೇಗೆ ಹಿಡಿದೀತು? ಇಂತಿಂಥ ಯೋಜನೆಗೇ ಖರ್ಚು ಮಾಡಿ ಎನ್ನದೆ, ಸಂಘ ನಡೆಸಲು ಎಂದೇ ಕೊಡುವ ಅನುದಾನ ಇದಕ್ಕೆ ಮದ್ದು. ಎಲ್ಲಕ್ಕಿಂತ ಕಡಿಮೆ ಹೊಗಳಿಕೆ ಸಿಗುವ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹಣ ಇದು ಎಂದು ನಾನು ತಿಳಿದಿದ್ದೇನೆ.

ಬಡಾವಣೆಯ ಸಂಘ ಎಂದರೆ ಏನೆಂದು ತಿಳಿಯಲು ನಾರ್ತ್ ಲಾನ್‌ಡೇಲ್‌ಗೇ ಹೋಗೋಣ. ವಿವೇಕಾನಂದರು 1893ರಲ್ಲಿ ಮಾತಾಡಿದ ಕಟ್ಟಡದಿಂದ ಪಶ್ಚಿಮಕ್ಕೆ ಏಳೆಂಟು ಕಿಲೋಮೀಟರ್. 1960ರಲ್ಲಿ ಸುಮಾರು 1,25,000 ಜನರಿದ್ದ ಬಡಾವಣೆಯಲ್ಲಿ ಈಗ ಇರುವವರು 35 ಸಾವಿರದಷ್ಟು. ಸಿಯರ್ಸ್ ಕಂಪನಿಯ ಕೇಂದ್ರ ಕಚೇರಿ ಹೋಯಿತು, ಕಾರ್ಖಾನೆಗಳು ಹೋದವು, ಮನೆಗಳು ಬಿದ್ದು ನಿವೇಶನಗಳು ಬಯಲಾದವು. ಜೈಲಿನಿಂದ ಬಿಡುಗಡೆಯಾಗಿ ಮರಳುವವರಿಗೆ ಕೆಲಸ ಕೊಡುವವರಿಲ್ಲ. ಇಲ್ಲಿನ ಉದ್ಯೋಗ ಜಾಲ ಸಂಸ್ಥೆಯನ್ನು ಕಟ್ಟಿದ ಬ್ರೆಂಡಾ ಪಾಮ್ಸ್ ಬಾರ್ಬರ್, ಬೇರೆ ಯಾರೂ ಕೊಡದಿದ್ದರೆ ನಾವೇ ಕೆಲಸ ಹುಟ್ಟಿಸೋಣ ಎಂದು ಜೇನು ಸಾಕಣೆಗೆ ಕೈಹಾಕಿದರು. ನಗರದ ನಡುವೆ ಜೇನುಪೆಟ್ಟಿಗೆಗಳು. ಹಾಳುಬಿದ್ದ ಬಯಲುಗಳಲ್ಲಿ ತಾನಾಗಿ ಬೆಳೆದ ಕಾಡುಹೂಗಳೇ ಮೇವು. ಜೈಲಿನಿಂದ ಬಂದವರು ಮುಖಪರದೆ ಹಾಕಿ, ಹೊಗೆ ಊದಿ, ಜೇನಿನ ಹಲ್ಲೆ ತೆಗೆದು ತುಪ್ಪ ಇಳಿಸುತ್ತಾರೆ. ಆ ಜೇನಿನಿಂದ ಸೋಪು, ಲೋಷನ್, ತುಟಿಯ ಮುಲಾಮು ತಯಾರಾಗಿ ‘ಬೀಲವ್’ ಹೆಸರಿನಲ್ಲಿ ಮಾರಾಟವಾಗುತ್ತವೆ. ಮುಂದಿನ ಕೆಲಸಕ್ಕೆ ಅರ್ಜಿ ಹಾಕುವಾಗ ಅವರ ಕೈಯಲ್ಲಿ ಹೇಳಿಕೊಳ್ಳಲು ಒಂದು ಅನುಭವವಿರುತ್ತದೆ. ಬಡಾವಣೆಯ ಬಯಲನ್ನು ದಿನವೂ ನೋಡಿದವರಿಗೆ ಮಾತ್ರ ಹೊಳೆಯುವ ಉಪಾಯ ಇದು.

ಸಂಘಟನೆಯ ವಿದ್ಯೆ ಈ ಬಡಾವಣೆಗೆ ಹೊಸದೂ ಅಲ್ಲ. 1968ರಲ್ಲಿ, ಜ್ಯಾಕ್ ಮ್ಯಾಕ್‌ನಮಾರ ಎಂಬ ಪಾದ್ರಿ ವಿದ್ಯಾರ್ಥಿಯ ನೆರವಿನಿಂದ, ಕ್ಲೈಡ್ ರಾಸ್‌ರಂಥವರು ಕರಾರು ಖರೀದಿದಾರರ ಲೀಗ್ ಕಟ್ಟಿದರು. ಅದುವರೆಗೆ ನಾಚಿಕೆಯಿಂದ ಮುಚ್ಚಿಟ್ಟಿದ್ದ ಕರಾರು ಪತ್ರಗಳನ್ನು ಚರ್ಚಿನ ಸಭೆಗೆ ತಂದು ಹರಡಿದಾಗ ಎಲ್ಲರದೂ ಒಂದೇ ಕಥೆ ಎಂದು ಬೆಳಕಿಗೆ ಬಂತು. ಕಂತು ಕಟ್ಟುವುದನ್ನು ನಿಲ್ಲಿಸಿ ಮುಷ್ಕರ ಹೂಡಿದರು. ಪೊಲೀಸರು ಸಾಮಾನು ಬೀದಿಗೆಸೆದರೆ, ಅವರು ಹೋದ ಮೇಲೆ ನೆರೆಹೊರೆಯವರೇ ಒಳಗೆ ಹೊತ್ತು ತಂದಿಟ್ಟರು. ನ್ಯಾಯಾಲಯದಲ್ಲಿ ಸೋತರೂ ನಾನೂರಕ್ಕೂ ಹೆಚ್ಚು ಕರಾರುಗಳನ್ನು ಮಾತುಕತೆಯಿಂದ ಬದಲಾಯಿಸಿಕೊಂಡರು. ಟ್ರಸ್ಟ್‌ನ ಯೋಜನೆಯ ಮೂರನೇ ಕವಲು, ಜನಬಲ ಕಟ್ಟುವುದು, ಕೆಲವು ದಾನಿಗಳಿಗೆ ರಾಜಕೀಯದಂತೆ ಕಾಣಬಹುದು. ಆದರೆ ನೂರು ಕುಟುಂಬಗಳಿಗೆ ಉಳಿತಾಯ ಕಲಿಸಿ, ಪಕ್ಕದ ಸಾಲದಂಗಡಿಯವನು ವರ್ಷಕ್ಕೆ ಶೇ 300ರಷ್ಟು ಬಡ್ಡಿ ಹಿಂಡುವುದನ್ನು ಬಿಟ್ಟರೆ ಉಳಿಯುವುದೇನು? ಇಲಿನಾಯ್ ರಾಜ್ಯ 2021ರಲ್ಲಿ ಇಂಥ ಸಾಲಗಳ ಬಡ್ಡಿಗೆ ಶೇ 36ರ ಮಿತಿ ಹಾಕಿತು. ಅಂಥ ಕಾನೂನು ಬರುವುದು ವರ್ಷಗಟ್ಟಲೆ ಲೆಕ್ಕ ಕೂಡಿಸಿ, ಜನರನ್ನು ಕೂಡಿಸಿ ದುಡಿದವರಿಂದ.

ಇಷ್ಟಾದರೂ ಈ ಕಂದರವನ್ನು ಅನುದಾನಗಳೇ ಮುಚ್ಚಿಬಿಡುತ್ತವೆ ಎಂದು ಯಾರೂ ನಂಬಬಾರದು. ಅರ್ಥಶಾಸ್ತ್ರಜ್ಞ ವಿಲಿಯಂ ಡಾರಿಟಿ ಮತ್ತು ಕರ್ಸ್ಟನ್ ಮಲ್ಲನ್ 2020ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಫೆಡರಲ್ ಸರ್ಕಾರವೇ ಪರಿಹಾರ ಕೊಡಬೇಕು ಎಂದು ವಾದಿಸಿದ್ದಾರೆ. ಅವರ ಲೆಕ್ಕ ಲಕ್ಷಾಂತರ ಕೋಟಿ ಡಾಲರುಗಳದ್ದು. ಅವರ ವಾದ ನನಗೆ ಒಪ್ಪಿಗೆ. ಸರ್ಕಾರದ ನಕಾಶೆ ಮಾಡಿದ ಗಾಯದ ಹೊಣೆ ಸರ್ಕಾರದ್ದೇ. ಶಿಕಾಗೊದ ಪಕ್ಕದ ಇವಾನ್‌ಸ್ಟನ್ ಪಟ್ಟಣ ಆ ದಿಕ್ಕಿನಲ್ಲಿ ಪುಟ್ಟ ಹೆಜ್ಜೆ ಇಟ್ಟಿದೆ: 1919ರಿಂದ 1969ರ ನಡುವೆ ಅಲ್ಲಿದ್ದ ಕಪ್ಪು ನಿವಾಸಿಗಳಿಗೆ ಮತ್ತು ಅವರ ಸಂತತಿಗೆ, ಮೊದಲಿಗೆ ಮನೆಗೆಂದು, 25,000 ಡಾಲರ್, ಗಾಂಜಾ ಮಾರಾಟದ ತೆರಿಗೆಯಿಂದ. 2022ರಲ್ಲಿ ಚೀಟಿ ಎತ್ತಿದಂತೆ ಚೆಂಡು ಎತ್ತಿ ಮೊದಲ 16 ಮಂದಿಯನ್ನು ಆರಿಸಿದರು. 2024ರಲ್ಲಿ ಅದರ ಮೇಲೂ ಮೊಕದ್ದಮೆ ಬಿತ್ತು.

ಮೊಕದ್ದಮೆಗಳ ನೆರಳು ದತ್ತಿ ಸಂಸ್ಥೆಗಳ ಮೇಲೂ ಬಿದ್ದಿದೆ. ಕಪ್ಪು ಮಹಿಳೆಯರ ಉದ್ಯಮಗಳಿಗೆಂದೇ 20,000 ಡಾಲರ್ ಅನುದಾನ ಕೊಡುತ್ತಿದ್ದ ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ವಿರುದ್ಧ 2024ರಲ್ಲಿ ಮೇಲ್ಮನವಿ ನ್ಯಾಯಾಲಯದ ಆದೇಶ ಬಂತು, ಅದೇ ವರ್ಷ ಆ ಅನುದಾನ ನಿಂತೇಹೋಯಿತು. ಆ ಮೊಕದ್ದಮೆಗೆ ಬಳಸಿದ್ದು ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ಕರಾರು ಮಾಡುವ, ಆಸ್ತಿ ಹೊಂದುವ ಹಕ್ಕು ಕೊಡಲೆಂದು 1866ರಲ್ಲಿ ತಂದ ಕಾಯ್ದೆಯನ್ನು. ಲಾನ್‌ಡೇಲ್‌ನ ಲೀಗ್ ನ್ಯಾಯ ಕೇಳಿ ಹೋದಾಗ ಆಶ್ರಯಿಸಿದ್ದೂ ಇದೇ ಕಾಯ್ದೆಯನ್ನೇ. ಇದು ನನಗೆ ತೀರಾ ನೋವಿನ ಸಂಗತಿ. ಜನಾಂಗದ ಹೆಸರು ಹೇಳದೆ ಬಡಾವಣೆಯ ಹೆಸರು ಹೇಳಿ ಹಣ ಕೊಡುವ ದಾರಿ ಇನ್ನೂ ಉಳಿದಿದೆ. ಹಿಂದೆ ಬಣ್ಣ ನೋಡಿ ಬಡಾವಣೆಗಳನ್ನು ಬೇರೆ ಮಾಡಿದ್ದರಿಂದ ಆ ದಾರಿ ಹೆಚ್ಚುಕಡಿಮೆ ತಲುಪಬೇಕಾದವರನ್ನೇ ತಲುಪುತ್ತದೆ.

ಟ್ರಸ್ಟ್ ಒಳಗಿನ ಇಕ್ಕಟ್ಟೂ ಒಂದಿದೆ. ಇಂದಿನ ಊರ ದತ್ತಿಗಳಲ್ಲಿ ಸೇರುವ ಹಣದಲ್ಲಿ ದೊಡ್ಡ ಪಾಲು ದಾನಿಗಳ ಹೆಸರಿನ ಪ್ರತ್ಯೇಕ ಖಾತೆಗಳಲ್ಲಿರುತ್ತದೆ. ಹಣ ಇಟ್ಟ ದಿನವೇ ತೆರಿಗೆ ವಿನಾಯಿತಿ ಸಿಗುತ್ತದೆ. ಯಾರಿಗೆ, ಯಾವಾಗ ಎಂಬುದನ್ನು ದಾನಿ ನಿಧಾನವಾಗಿ ಸೂಚಿಸಬಹುದು. ವರ್ಷಕ್ಕೆ ಇಷ್ಟು ಹಂಚಲೇಬೇಕು ಎಂಬ ಕಾನೂನು ಆ ಖಾತೆಗಳಿಗಿಲ್ಲ. ಗಾಫ್ ಬಯಸಿದ್ದ, ಊರಿನ ಸಮಿತಿ ಸ್ವತಂತ್ರವಾಗಿ ತೀರ್ಮಾನಿಸುವ ಹಣ ಇದರಲ್ಲಿ ಕಡಿಮೆ.

ಇಲ್ಲಿ ಕನ್ನಡಿಗರ ಮಾತೂ ಬರುತ್ತದೆ. ವಿದ್ಯಾರಣ್ಯ ಕನ್ನಡ ಕೂಟ ಕಟ್ಟಿ ದಶಕಗಳಿಂದ ಯುಗಾದಿ, ರಾಜ್ಯೋತ್ಸವ ಆಚರಿಸುತ್ತ ಬಂದ ಶಿಕಾಗೊ ಸೀಮೆಯ ನಮ್ಮವರಿಗೆ ಅಮೆರಿಕದ ಬಾಗಿಲು ತೆರೆದದ್ದು 1965ರ ವಲಸೆ ಕಾಯ್ದೆ. ಕಪ್ಪು ಜನರ ನಾಗರಿಕ ಹಕ್ಕು ಹೋರಾಟ ಆ ದೇಶದ ಮನಸ್ಸನ್ನು ಅಲುಗಿಸದೆ ಇದ್ದಿದ್ದರೆ ಜನಾಂಗ ನೋಡಿ ವೀಸಾ ಕೊಡುವ ಪದ್ಧತಿ ಅಷ್ಟು ಬೇಗ ಹೋಗುತ್ತಿರಲಿಲ್ಲ. ಆ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದ 1968ರಲ್ಲೇ ಲಾನ್‌ಡೇಲ್‌ನ ಜನ ಕರಾರಿನ ವಿರುದ್ಧ ಎದ್ದು ನಿಂತಿದ್ದರು. ನೇಪರ್‌ವಿಲ್‌ನಲ್ಲೋ ಷಾಂಬರ್ಗ್‌ನಲ್ಲೋ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡ ಕುಟುಂಬಗಳು ದೇವಸ್ಥಾನಕ್ಕೆ, ತಾವು ಓದಿದ ಕಾಲೇಜಿಗೆ, ಊರಿನ ಶಾಲೆಗೆ ಧಾರಾಳವಾಗಿ ಕೊಡುತ್ತವೆ. ಆ ಪಟ್ಟಿಗೆ ತಾವು ಬದುಕುತ್ತಿರುವ ಊರಿನ ದತ್ತಿಯೂ ಸೇರಲಿ. ಸೇರಿಸುವಾಗ ಹೆಸರಿನ ಖಾತೆ ಬೇಡ, ಷರತ್ತೂ ಬೇಡ. ಎಲ್ಲರ ನಿಧಿಗೆ ಹಾಕಿ, ಯಾವ ಬೀದಿಗೆ ಎಷ್ಟು ಎಂಬುದನ್ನು ಆ ಬೀದಿಯವರ ಜೊತೆ ಕೂತು ತೀರ್ಮಾನಿಸುವವರಿಗೆ ಬಿಡಲಿ.