ಕೈ ಎಣಿಸಿದರೆ ಜಗಳ ಮುಗಿಯುತ್ತದೆಯೇ?



ತರಗತಿ ಅಂದಮೇಲೆ ಜಗಳ ಇದ್ದದ್ದೇ. ಇಬ್ಬರ ಜಗಳವಾದರೆ ಊಟದ ಹೊತ್ತಿಗೆ ಮರೆತುಹೋಗುತ್ತದೆ. ಗುಂಪು ಗುಂಪಿನ ಜಗಳ ಹಾಗಲ್ಲ. ಅದರಲ್ಲಿ ಒಬ್ಬರು ರಾಜಿಗೆ ಹೋದರೆ ಅವರ ಗುಂಪಿನವರೇ "ನೀನು ಆ ಕಡೆಯವಳು ಬಿಡು" ಅಂತಾರೆ. ಇಂಥ ಜಗಳವನ್ನು ಹೇಗೆ ಬಗೆಹರಿಸುವುದು ಎಂದು ತಿಳಿಯೋಣ.

ನಮ್ಮ ತರಗತಿಯದೇ ಉದಾಹರಣೆ. ಬೆಳಿಗ್ಗೆ ಕಸ ಗುಡಿಸುವ ವಿಷಯ. ಊರಿನವರು ಬೇಗ ಬರ್ತೀವಿ. ತೋಟದ ಲೈನುಗಳಿಂದ, ದೂರದ ಹಳ್ಳಿಗಳಿಂದ ಬರುವವರು ಪ್ರಾರ್ಥನೆ ಗಂಟೆ ಹೊಡೆಯುವಾಗ ಬರ್ತಾರೆ. "ಬೇಕಂತಲೇ ಲೇಟಾಗಿ ಬರ್ತಾರೆ, ದಿನಾ ನಾವೇ ಗುಡಿಸಬೇಕಾ?" ಎಂದು ನಮ್ಮ ದೂರು. ಮಾತಿಗೆ ಮಾತು ಬೆಳೆದು ಮಾತೇ ನಿಂತಿತು. ಬೆಂಚುಗಳೂ ಎರಡು ಪಾಲಾದವು. ದೂರದಿಂದ ಬರುವ ಒಬ್ಬ ಗೆಳತಿ ನನ್ನ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಿದ್ದಳು. ಅದೂ ನಿಂತಿತು. ಕಿರುಪರೀಕ್ಷೆಯಲ್ಲಿ ಅವಳಿಗೆ ಅಂಕ ಕಮ್ಮಿ ಬಂತು.

ಮೊದಲು ನಾವು ಕೈ ಎತ್ತಿಸಿ ಎಣಿಸಿದೆವು. ಊರಿನವರೇ ಹೆಚ್ಚಿದ್ದುದರಿಂದ "ಎಲ್ಲರೂ ಬೇಗ ಬರಬೇಕು" ಎಂದು ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಮಾರನೇ ದಿನ ಅವರು ಎಂದಿನ ಹೊತ್ತಿಗೇ ಬಂದರು. ಜಗಳ ಇನ್ನೂ ಜೋರಾಯಿತು.

ಆಮೇಲೆ ಟೀಚರ್ ಎರಡೂ ಕಡೆಯಿಂದ ಇಬ್ಬಿಬ್ಬರನ್ನು ಕೂರಿಸಿಕೊಂಡು ಒಂದು ನಿಯಮ ಹಾಕಿದರು. ನಮ್ಮ ಮಾತು ಹೇಳುವ ಮೊದಲು ಎದುರಿನವರು ಹೇಳಿದ್ದನ್ನು ನಾವೇ ಒಮ್ಮೆ ಹೇಳಬೇಕು. ಅವರು "ಹೂಂ, ಅದೇ" ಎಂದ ಮೇಲಷ್ಟೇ ನಮ್ಮ ಸರದಿ. ಆಗ ಗೊತ್ತಾಯಿತು, ಅವರದು ಕಾಡಾನೆ ಓಡಾಡುವ ದಾರಿ. ದೊಡ್ಡವರು ಯಾರಾದರೂ ಜೊತೆಗೆ ಸಿಕ್ಕಿದ ಮೇಲೇ ಮನೆಯಿಂದ ಬಿಡುತ್ತಾರಂತೆ. ನಾವು ಕೆಸರು ಬಳಿದು ಮುಗಿಸುವಷ್ಟರಲ್ಲಿ ಪ್ರಾರ್ಥನೆಗೆ ತಡವಾಗಿ ಬೈಸಿಕೊಳ್ಳುವುದು ಅವರಿಗೂ ತಿಳಿದಿರಲಿಲ್ಲ. ಕೊನೆಗೆ ಬೆಳಿಗ್ಗೆ ಗುಡಿಸುವುದು ನಮಗೆ, ಬಿಸಿಯೂಟದ ನಂತರ ಗುಡಿಸಿ ಕುಡಿಯುವ ನೀರು ತುಂಬುವುದು ಅವರಿಗೆ ಎಂದಾಯಿತು. ಅವರ ಆಟದ ಹೊತ್ತು ಸ್ವಲ್ಪ ಹೋಯಿತು, ನಮ್ಮ ಹಟ ಹೋಯಿತು.

ಈ ಉಪಾಯ ಹೊಸದೇನಲ್ಲ. ನಮ್ಮ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನವಿದೆ. ಆಗ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾಗಿ, ತಮಗೆ ಅನ್ಯಾಯವಾಗಿದೆ ಎಂದು ಜೈನರು ವಿಜಯನಗರದ ಬುಕ್ಕರಾಯನ ಬಳಿ ದೂರು ಒಯ್ದರು. ರಾಜನು ಯಾರ ಸಂಖ್ಯೆ ಹೆಚ್ಚು ಎಂದು ನೋಡಲಿಲ್ಲ. ಎರಡೂ ಕಡೆಯ ಮುಖಂಡರ ಎದುರಿಗೆ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲೂ ಭೇದವಿಲ್ಲ ಎಂದನು. ಪಂಚಮಹಾವಾದ್ಯ ಮತ್ತು ಕಲಶದ ಗೌರವ ಜೈನರಿಗೆ ಮೊದಲಿನಂತೆಯೇ ಉಳಿಯಿತು. ಜೈನರಿಗೆ ಹಾನಿಯಾದರೆ ಅದು ತಮಗೇ ಆದಂತೆ ಎಂದು ವೈಷ್ಣವರು ತಿಳಿಯಬೇಕು ಎಂದೂ ಕಟ್ಟಳೆಯಾಯಿತು. ಜೈನರೂ ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ 20 ಜನ ಕಾವಲಿನವರು, ಉಳಿದದ್ದು ಬಸದಿಗಳ ದುರಸ್ತಿಗೆ. ಇಷ್ಟನ್ನೂ ಬಾಯಲ್ಲಿ ಹೇಳಿ ಬಿಡಲಿಲ್ಲ, ಎಲ್ಲರೂ ನೋಡುವಂತೆ ಕಲ್ಲಿನಲ್ಲಿ ಕೆತ್ತಿಸಿದರು.

ಇವೆರಡರಿಂದ ನಾವು ಕಲಿಯಬೇಕಾದ್ದು:

1. ಕೈ ಎಣಿಸುವುದಕ್ಕೆ ಮೊದಲು ಕಾರಣ ಕೇಳಬೇಕು. ಎಣಿಕೆಯಲ್ಲಿ ಸೋತವರು ಸುಮ್ಮನಾಗಬಹುದು, ಒಪ್ಪಿದ್ದಾರೆ ಅಂತಲ್ಲ.

2. "ಅವರು ಹಾಗೇ ಕಣೋ" ಎಂದು ಇಡೀ ಗುಂಪಿಗೆ ಹೆಸರಿಡಬಾರದು. ನಡೆದದ್ದೇನು ಎಂದಷ್ಟೇ ಹೇಳಬೇಕು.

3. ಎರಡೂ ಕಡೆಯವರು ಏನಾದರೂ ಬಿಡಬೇಕು. ಒಬ್ಬರೇ ಬಿಟ್ಟರೆ ಅದು ರಾಜಿಯಲ್ಲ, ಸೋಲು.

4. ಹೊಡೆತ, ಜಾತಿ ಹಿಡಿದು ಬೈಯುವುದು ನಡೆದರೆ ಅಲ್ಲಿ ರಾಜಿ ಮಾತಿಲ್ಲ. ಕೂಡಲೇ ಗುರುಗಳಿಗೆ ಹೇಳಬೇಕು.

5. ಒಪ್ಪಿದ್ದನ್ನು ಬರೆದು ಹಾಕಬೇಕು, ತಿಂಗಳಿಗೊಮ್ಮೆ ನೋಡಬೇಕು.

ನಮ್ಮ ಒಪ್ಪಂದದ ಹಾಳೆ ಬಾಗಿಲ ಪಕ್ಕದಲ್ಲೇ ಅಂಟಿಸಿದೆ. ಅದರಲ್ಲಿ ಎಲ್ಲರ ಸಹಿ ಇದೆ. ಮಳೆಗಾಲದಲ್ಲಿ ಪ್ರಾರ್ಥನೆ ಒಳಗೇ ನಡೆಯುವುದರಿಂದ ಸರದಿಯನ್ನು ಮತ್ತೆ ಬದಲಾಯಿಸಬೇಕಾಗಬಹುದು, ಆಗ ಮತ್ತೆ ಕೂತು ಮಾತಾಡ್ತೀವಿ. ಗೆಳತಿಗೆ ಲೆಕ್ಕ ಹೇಳಿಕೊಡುವುದು ಸೋಮವಾರದಿಂದ ಮತ್ತೆ ಶುರುವಾಗಿದೆ.

ನಿಮ್ಮ ತರಗತಿಯಲ್ಲಿ ಏನು ಮಾಡಿದಿರಿ? ಮುಂದಿನ ಸಂಚಿಕೆಗೆ ಬರೆದು ಕೊಡಿ.

– ಒಬ್ಬ ವಿದ್ಯಾರ್ಥಿನಿ, ಒಂಬತ್ತನೇ ತರಗತಿ, ಮಾರನಹಳ್ಳಿ