ಡಬ್ಬಿ ಮುಚ್ಚಳ ತೆಗೆಯೋಕೆ ಬರುತ್ತಾ?

11 ವರ್ಷದಿಂದ ಎಲ್‌ಕೆಜಿ ಮಕ್ಕಳಿಗೆ ಪಾಠ ಮಾಡ್ತಿದ್ದೀನಿ. ಏಪ್ರಿಲ್ ಬಂತೆಂದರೆ ವಾಟ್ಸಾಪ್ ಶುರು: "ಮಿಸ್, ಎ ಟು ಝಡ್ ಬರೀತಾನೆ, 50ರ ತನಕ ಎಣಿಸ್ತಾನೆ, ಸಾಕಾ?" "ಡಬ್ಬಿ ಮುಚ್ಚಳ ತೆಗೀತಾನಾ?" ಅಂತ ಕೇಳಿದರೆ ಆ ಕಡೆಯಿಂದ ಒಂದು ಸ್ಮೈಲಿ ಬರುತ್ತೆ.

ತಮಾಷೆಗೆ ಕೇಳಿದ್ದಲ್ಲ. ಕ್ಲಾಸಲ್ಲಿ 28 ಮಕ್ಕಳು; ನಾನು ಮತ್ತು ಒಬ್ಬರು ಆಯಮ್ಮ. ತಿಂಡಿಗೆ 20 ನಿಮಿಷ. ಬಿಗಿ ಕ್ಲಿಪ್ಪಿನ ಡಬ್ಬಿ ಹಿಡಿದು ಹತ್ತು ಮಕ್ಕಳು ಕಾಯ್ತಿದ್ದರೆ, ಕೊನೆಯ ಮಗು ಎರಡು ತುತ್ತು ತಿನ್ನೋದರೊಳಗೆ ಬೆಲ್ ಹೊಡೆದಿರುತ್ತೆ. ಹೊಸ ಡಬ್ಬಿ ತರೋವಾಗ ಮಗೂನೂ ಅಂಗಡಿಗೆ ಕರ್ಕೊಂಡು ಹೋಗಿ, ಅದರ ಕೈಯಲ್ಲೇ ತೆಗೆಸಿ ನೋಡಿ. ಮೊಬೈಲ್ ಇಲ್ಲದೆ, ತನ್ನ ಕೈಯಿಂದಲೇ ತಿನ್ನೋದನ್ನ ರಜೆಯಲ್ಲೇ ರೂಢಿ ಮಾಡಿಸಿ. ಅಜ್ಜಿ-ತಾತಂದಿರಿಗೆ ಇದು ಕಷ್ಟ, ಗೊತ್ತು. ಮಗು ಅರ್ಧ ಚೆಲ್ಲುತ್ತೆ, ಅವರಿಗೆ ಹೊಟ್ಟೆ ಉರಿಯುತ್ತೆ.

ಇನ್ನು ಟಾಯ್ಲೆಟ್. ಒಂದು ಜೂನ್‌ನಲ್ಲಿ ಒಬ್ಬ ಹುಡುಗಿ ಮಧ್ಯಾಹ್ನದವರೆಗೂ ಸುಸ್ಸು ತಡ್ಕೊಂಡೇ ಕೂರ್ತಿದ್ದಳು. ಮನೆಯಲ್ಲಿ ಕಮೋಡ್, ಶಾಲೆಯಲ್ಲಿ ಇಂಡಿಯನ್. ಕಾಲು ಜಾರುತ್ತೇನೋ ಅಂತ ಭಯ. ಅದಕ್ಕೆ ನೀರೇ ಕುಡೀತಿರಲಿಲ್ಲ. ಬಾಟಲ್ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರೋದನ್ನ ಗಮನಿಸಿದ್ದು ಅವಳ ಅಜ್ಜಿ. ಅಷ್ಟರಲ್ಲಿ ಜ್ವರ, ಯೂರಿನ್ ಇನ್‌ಫೆಕ್ಷನ್. ಆಮೇಲೆ ಆಯಮ್ಮ ಒಂದು ವಾರ ಕೈ ಹಿಡಿದು ಕೂರಿಸಿದರು, ಸರಿಹೋಯ್ತು. ಶಾಲೆ ಶುರುವಾಗೋ ಮುಂಚೆ ಒಮ್ಮೆ ಹೋಗಿ ಟಾಯ್ಲೆಟ್ ತೋರಿಸ್ಕೊಂಡು ಬನ್ನಿ. ಒಂದಕ್ಕೆ, ಉಚ್ಚೆ, ಸುಸ್ಸು... ನಿಮ್ಮ ಮನೆಯಲ್ಲಿ ಏನಂತೀರೋ ಆ ಪದವನ್ನ ಟೀಚರ್‌ಗೂ ಹೇಳಿ. ಸಂಜೆ ಬಾಟಲ್ ಎತ್ತಿ ನೋಡಿ.

ಬೀಳ್ಕೊಡೋದು ಹೇಗೆ? ಮಗು ಆಟದಲ್ಲಿ ಮುಳುಗಿದಾಗ ಮೆಲ್ಲಗೆ ಜಾರಿಕೊಳ್ಳಬೇಡಿ. ತಿರುಗಿ ನೋಡಿದಾಗ ಅಮ್ಮ ಇಲ್ಲ ಅಂದರೆ, ಮಾರನೇ ದಿನ ಗೇಟಲ್ಲೇ ಸೆರಗು ಬಿಡಲ್ಲ. "ಊಟ ಆದ್ಮೇಲೆ ತಾತ ಬರ್ತಾರೆ" ಅಂತ ಹೇಳಿ, ಟಾಟಾ ಮಾಡಿ ಹೊರಡಿ. ನಾಲ್ಕು ವರ್ಷದ ಮಗೂಗೆ 12 ಗಂಟೆ ಅಂದರೆ ತಿಳಿಯಲ್ಲ, ಊಟ ಅಂದರೆ ತಿಳಿಯುತ್ತೆ. "ತುಂಟಾಟ ಮಾಡಿದ್ರೆ ಮಿಸ್ ಹೊಡೀತಾರೆ" ಅನ್ನೋ ಬೆದರಿಕೆಯಂತೂ ಬೇಡವೇ ಬೇಡ. ಅದನ್ನ ಕೇಳ್ಕೊಂಡು ಬಂದ ಮಗು ನನ್ನ ಮುಖವನ್ನೇ ನೋಡಲ್ಲ.

ಬರವಣಿಗೆಗೆ ಅವಸರ ಯಾಕೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಒಂದನೇ ಕ್ಲಾಸಿಗೆ 6 ವರ್ಷ ಅನ್ನುತ್ತೆ. ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸೋದನ್ನ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸುತ್ತೆ. ಪೆನ್ಸಿಲ್ ಹಿಡಿಯೋಕೆ ಮೊದಲು ಬೆರಳಿಗೆ ಬಲ ಬರಬೇಕು. ಬಟಾಣಿ ಸುಲಿಯಲಿ, ಕೊತ್ತಂಬರಿ ಸೊಪ್ಪು ಬಿಡಿಸಲಿ, ಚಪಾತಿ ಹಿಟ್ಟು ನಾದಲಿ.

ನಿದ್ದೆ ವಿಷಯಕ್ಕೆ ಬಂದರೆ ನನಗೆ ನಿಮ್ಮ ಮೇಲೆ ಪಾಪ ಅನಿಸುತ್ತೆ. ಈ ವಯಸ್ಸಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ನೀವು ಆಫೀಸಿಂದ ಬರೋದೇ ಎಂಟೂವರೆಗೆ. ಆಗ ಆಟ ಶುರುವಾದರೆ ಮಲಗೋದು ಹನ್ನೊಂದಕ್ಕೆ. ಆ ಆಟವನ್ನ ಬೆಳಿಗ್ಗೆಗೆ ಬದಲಾಯಿಸೋಕಾದರೆ ನೋಡಿ.

ಬ್ಯಾಗಲ್ಲಿ ಒಂದು ಜೊತೆ ಬಟ್ಟೆ ಇರಲಿ. ಎಲ್ಲದರ ಮೇಲೂ ಹೆಸರು ಬರೀರಿ, ಬಾಟಲ್ ಮುಚ್ಚಳದ ಮೇಲೂ. ಜೂನ್ ಮೊದಲ ವಾರ ನಮ್ಮ ಕ್ಲಾಸಲ್ಲಿ ಒಂದೇ ಥರದ ಆರು ನೀಲಿ ಬಾಟಲ್ ಇರುತ್ತೆ, ಆರೂ ಮಕ್ಕಳು "ಇದು ನಂದು" ಅಂತಾರೆ.